ಒಂಬತ್ತನೇ ಗ್ರೀನಿನಲ್ಲಿ ಒಂದೇ ಒಂದು ಮಂಡಕ್ಕಿ

ದಾವಣಗೆರೆಯ ಜನಕ್ಕೆ ಕೈಯಲ್ಲಿ ಮಂಡಕ್ಕಿ ಪೊಟ್ಟಣವಿಲ್ಲದೆ ಏನನ್ನೂ ನೋಡಿ ಅಭ್ಯಾಸವಿಲ್ಲ. ಕ್ರಿಕೆಟ್ಟಿರಲಿ, ಕುಸ್ತಿಯಿರಲಿ, ಪಕ್ಕದ ಮನೆಯ ಜಗಳವಿರಲಿ, ಕಣ್ಣಿನ ಜೊತೆ ಬಾಯಿಯೂ ಆಡುತ್ತಿರಬೇಕು. ಹಾಗಿರುವಾಗ ಹರಿಹರದ ಆಚೆ, ತುಂಗಭದ್ರೆಯ ದಂಡೆಯ ಗಾಲ್ಫ್ ಕ್ಲಬ್ಬಿಗೆ ಮಹಿಳೆಯರ ಕಪ್ ನೋಡಲು ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಇನ್ನೂರು ಜನ ಬಂದಿದ್ದರು. ಅದರಲ್ಲಿ ನೂರೈವತ್ತು ಜನಕ್ಕೆ ಆಟದ ತಲೆಬುಡ ಗೊತ್ತಿರಲಿಲ್ಲ, ಮಿಕ್ಕ ಐವತ್ತು ಜನ ತಮಗೆ ಗೊತ್ತಿದೆ ಎಂದುಕೊಂಡಿದ್ದರು.

ಹುಮಾಳಿಗೆ ಮಾತ್ರ ಆ ಹೊತ್ತಿಗೆ ಜನವೂ ಕಾಣುತ್ತಿರಲಿಲ್ಲ, ನದಿಯೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹದಿನೈದು ಅಡಿ ದೂರದ ಕುಳಿ, ಅಷ್ಟೇ. ಅಂಗೈ ಬೆವರಿ ಪಟರ್ ಕೋಲು ಜಾರುತ್ತಿತ್ತು, ಚೂಡಿದಾರಕ್ಕೆ ಕೈ ಒರೆಸಿಕೊಂಡಳು, ಮತ್ತೆ ಬೆವರಿತು.

ಈ ಹುಮಾ ಯಾರೆಂದರೆ ಮಂಡಕ್ಕಿ ಭಟ್ಟಿಯ ಜಮಾಲ್ ಸಾಬರ ಮಗಳು. ವಿದ್ಯಾನಗರದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಓದುತ್ತಿದ್ದಳು. ಪ್ರತಿ ಶನಿವಾರ ಕ್ಲಬ್ಬಿನ ಕ್ಯಾಂಟೀನಿಗೆ ಸ್ಕೂಟರಿನಲ್ಲಿ ಮಂಡಕ್ಕಿ ಚೀಲ ತಂದು ಹಾಕುವುದು ಅವಳ ಪಾಲಿನ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಅವಳು ಬೇಲಿಯ ಹತ್ತಿರ ಬಿಟ್ಟ ಕಣ್ಣು ಬಿಟ್ಟಂತೆ ಆಟ ನೋಡುತ್ತ ನಿಂತಿದ್ದನ್ನು ಹಿರಿಯ ಮಾಲಿ ಗೋಣೆಪ್ಪ ಕಂಡ. ಹದಡಿಯಿಂದ ದಿನಾ ಬಸ್ಸಿಗೆ ಬಂದು ಆ ಹುಲ್ಲನ್ನೆಲ್ಲ ಸಾಕುವ ಮನುಷ್ಯ ಅವನು. "ಬಾ ಇಲ್ಲಿ, ಒಂದು ಹೊಡಿ ನೋಡಾನ" ಎಂದು ಯಾರೋ ಬಿಟ್ಟುಹೋಗಿದ್ದ ಹಳೆಯ ಪಟರ್ ಕೈಗೆ ಕೊಟ್ಟ. ಪಟರ್ ಎಂದರೆ ಚೆಂಡನ್ನು ಹಗುರಾಗಿ ತಳ್ಳಿ ಕುಳಿಗೆ ಉರುಳಿಸುವ ಕೋಲು. ಗ್ರೀನ್ ಎಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು. ಹುಡುಗಿ ಹೊಡೆದಳು, ಚೆಂಡು ಉರುಳಿ ಕುಳಿಗೆ ಬಿತ್ತು. ಮುಗಿಯಿತು, ಹುಚ್ಚು ಹತ್ತಿತು. ಅಂದಿನಿಂದ ಶನಿವಾರ ಬಂತೆಂದರೆ ಗೋಣೆಪ್ಪನ ಹತ್ತಿರ ಆಟ ಕಲಿಯುವುದೇ ಕಲಿಯುವುದು.

ಆದರೆ ಈ ವರ್ಷ ಆಡಳಿತ ಮಂಡಳಿ ಹೊಸ ಬೋರ್ಡು ಹಾಕಿತ್ತು: ಸದಸ್ಯರಲ್ಲದವರು ಹುಲ್ಲಿಗೆ ಕಾಲಿಡುವಂತಿಲ್ಲ. ಮಂಡಕ್ಕಿ ಚೀಲ ಹಿಂಬಾಗಿಲಲ್ಲಿ ಕೊಟ್ಟು ಹೊರಡತಕ್ಕದ್ದು. ವರ್ಷಕ್ಕೊಮ್ಮೆ ಬರುವ ಈ ಕಪ್ ಮಾತ್ರ ಎಲ್ಲರಿಗೂ ಮುಕ್ತ, ಗೆದ್ದವಳಿಗೆ ಮೂರು ವರ್ಷದ ಸದಸ್ಯತ್ವ. ಹುಮಾ ಗೆದ್ದರೆ ದಿನಾ ಬೆಳಿಗ್ಗೆ ಎದುರಿನ ಬಾಗಿಲಿನಿಂದ ಒಳಗೆ ಬಂದು ಆಡಬಹುದು. ಸೋತರೆ ಪಟರನ್ನು ಅಟ್ಟದ ಮೇಲೆ ಎಸೆದು ಸುಮ್ಮನಾಗಬೇಕು. ಇದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈಗ ಎಲ್ಲ ಬಂದು ಕೊನೆಯ, ಅಂದರೆ ಒಂಬತ್ತನೇ ಗ್ರೀನಿಗೆ ನಿಂತಿತ್ತು. ಸರಸ್ವತಿ ನಗರದ ರಶ್ಮಿತಾ, ಕಳೆದ ವರ್ಷ ಕಪ್ ಗೆದ್ದವಳು, ತನ್ನ ಆಟ ಮುಗಿಸಿ ಪಕ್ಕಕ್ಕೆ ನಿಂತಿದ್ದಳು. ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರದೇ ಗೆಲುವು. ಹುಮಾಳ ಈ ಒಂದು ಹೊಡೆತ ಕುಳಿಗೆ ಬಿದ್ದರೆ ಒಂದೇ ಒಂದು ಹೊಡೆತದಿಂದ ಅವಳು ಗೆದ್ದಂತೆ. ಬೀಳದೆ ಇನ್ನೊಂದು ಹೊಡೆತ ಬೇಕಾಯಿತೋ, ಇಬ್ಬರದೂ ಸಮ. ಸಮವಾದರೆ ಕಪ್ ಹಳೆಯ ವಿಜೇತೆಯ ಮನೆಯಲ್ಲೇ ಉಳಿಯುತ್ತದೆ, ಅದು ಈ ಕ್ಲಬ್ಬಿನ ಪದ್ಧತಿ.

ಗ್ರೀನಿನ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರಶ್ಮಿತಾಳ ಅಜ್ಜಿ ಬಸವಣ್ಣೆಮ್ಮ ಕೂತಿದ್ದರು. ತೊಡೆಯ ಮೇಲೆ ಪೇಪರ್ ಪೊಟ್ಟಣ. ಹಗ್ಗದ ಆಚೆ ಜಮಾಲ್ ಸಾಬ್ ನಿಂತಿದ್ದರು. ಅವರು ಈ ಹುಲ್ಲಿನ ಹತ್ತಿರ ಬಂದಿದ್ದು ಇದೇ ಮೊದಲು. ಇಷ್ಟು ಚೆಂದದ ಹುಲ್ಲಿನ ಹತ್ತಿರ ಚಪ್ಪಲಿ ಹಾಕಿಕೊಂಡು ನಿಲ್ಲಬಾರದು ಅನ್ನಿಸಿತೋ ಏನೋ, ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

ಹುಮಾ ಉಸಿರು ಬಿಗಿಹಿಡಿದು ಚೆಂಡನ್ನು ತಳ್ಳಿದಳು.

ಚೆಂಡು ಹೊರಟಿತು. ಚೆನ್ನಾಗಿಯೇ ಹೊರಟಿತು. ಹತ್ತಡಿ ದಾಟುವಷ್ಟರಲ್ಲಿ ಅವಳು ಕುತ್ತಿಗೆ ಮುಂದೆ ಚಾಚಿದಳು. ಎಡಕ್ಕೆ ವಾಲುತ್ತಿದೆ! ಅಯ್ಯೋ, ಕುಳಿಯ ಪಕ್ಕದಲ್ಲೇ ಹಾದು ಹೋಗುತ್ತದೆ! ಅಷ್ಟರಲ್ಲಿ ನದಿಯ ಕಡೆಯಿಂದ ಸುಯ್ಯೆಂದು ಗಾಳಿ ಬೀಸಿತು. ಬಸವಣ್ಣೆಮ್ಮನವರ ಪೊಟ್ಟಣದ ಬಾಯಿ ಪಟಪಟ ಬಡಿದುಕೊಂಡು ಒಂದು ಮಂಡಕ್ಕಿ, ಒಂದೇ ಒಂದು, ಹಾರಿ ಹುಲ್ಲಿನ ಮೇಲೆ ಉರುಳುತ್ತ ಬಂದು ಕುಳಿಯ ಎಡಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಸುಸ್ತಾಗಿ ತೆವಳುತ್ತಿದ್ದ ಚೆಂಡು ಅದರ ಮೇಲೆ ಹತ್ತಿತು, ತಡವರಿಸಿತು, ಬಲಕ್ಕೆ ಹೊರಳಿತು, ಟಕ್ಕೆಂದು ಕುಳಿಗೆ ಬಿತ್ತು.

"ಬಿತ್ತಲೇ!" ಎಂದು ಗೋಣೆಪ್ಪ ಹೆಗಲ ಮೇಲಿನ ಟವೆಲ್ ಮೇಲಕ್ಕೆ ಎಸೆದ. ಜನ ಹೋ ಎಂದರು. ಹುಮಾ ಪಟರ್ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಗ್ಗದಾಚೆ ಜಮಾಲ್ ಸಾಬರ ಎರಡೂ ಚಪ್ಪಲಿ ಆಕಾಶಕ್ಕೆದ್ದವು.

"ಒಂದ್ನಿಮಿಷ, ಅಂಕಲ್" ಎಂದು ರಶ್ಮಿತಾ ಕೈಯೆತ್ತಿದಳು. "ಬಾಲ್ ಮಂಡಕ್ಕಿಗೆ ಬಡೀತು. ಅದಕ್ಕೇನು ರೂಲ್ಸ್ ಐತೆ ಅಂತ ನೋಡ್ರಿ. ನಾನು ಜಗಳಕ್ಕೆ ಹೇಳ್ತಿಲ್ಲ."

ಅವಳು ಅಂಕಲ್ ಎಂದದ್ದು ಮುರುಗೇಶಪ್ಪನವರಿಗೆ. ನಲವತ್ತು ವರ್ಷ ಭತ್ತದ ದಲ್ಲಾಳಿ ಅಂಗಡಿ ನಡೆಸಿ, ಅದನ್ನು ಮಗನಿಗೆ ಬಿಟ್ಟುಕೊಟ್ಟು, ನಿವೃತ್ತಿಯ ಕಾಲಕ್ಕೆ ಗಾಲ್ಫಿನ ನಿಯಮದ ಪುಸ್ತಕ ಹಿಡಿದ ಮಹಾನುಭಾವರು. ಹನ್ನೊಂದು ವರ್ಷದಿಂದ ಕ್ಲಬ್ಬಿನ ರೆಫರಿ. ಆದರೆ ಪಾಪ, ಹನ್ನೊಂದು ವರ್ಷದಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ! ಇವತ್ತು ಕೇಳಿದರು. ಮುಖ ಊರಗಲವಾಯಿತು. ಕನ್ನಡಕ ಏರಿಸಿದರು, ಜೇಬಿನಿಂದ ಪುಸ್ತಕ ತೆಗೆದರು, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುಗಿಸಿದರು.

"ಎಲ್ಲಾರೂ ಸುಮ್ನಿರ್ರಿ! ಕೇಳ್ರಿ ಇಲ್ಲಿ. ಗ್ರೀನಿನ ಮ್ಯಾಲಿಂದ ಹೊಡೆದ ಬಾಲು ದಾರಿಯಾಗ ಎಲೆ, ಕಡ್ಡಿ, ಇಂಥ ನಿಸರ್ಗದ ವಸ್ತುವಿಗೆ ಬಡೀತು ಅಂದ್ರೆ ಏನೂ ತೊಂದ್ರೆ ಇಲ್ಲ. ಹೋದ ಕಡೆ ಹೋತು. ಮನುಷ್ಯ ಮಾಡಿದ ವಸ್ತುವಿಗೆ ಬಡೀತು, ಬಾಟ್ಲಿ, ಚೀಲ, ಹಂಗೇನಾರ, ಆ ಹೊಡ್ತ ರದ್ದು. ಇದ್ದಲ್ಲೇ ಇಟ್ಟು ಮತ್ತ ಹೊಡೀಬೇಕು."

"ನಾಯಿ ಅಡ್ಡ ಬಂದ್ರೆ?" ಎಂದು ಜನರ ನಡುವಿನಿಂದ ಒಬ್ಬ ಕೂಗಿದ.

"ಮತ್ತ ಹೊಡೀಬೇಕು."

"ಇರುವೆ ಅಡ್ಡ ಬಂದ್ರೆ?"

"ಮತ್ತ ಹೊಡಿಯಂಗಿಲ್ಲ. ಬಾಲು ನಿಂತಲ್ಲಿಂದ ಮುಂದೆ ಆಡಬೇಕು."

"ಹಂಗಾರೆ ಮಂಡಕ್ಕಿ ನಾಯಿನೋ ಇರುವೆನೋ, ಅದನ್ನ ಹೇಳ್ರಿ ಮೊದ್ಲು!"

ಜನ ಗೊಳ್ಳೆಂದು ನಕ್ಕರು. ಮುರುಗೇಶಪ್ಪ ನಗಲಿಲ್ಲ. ಮೊಣಕಾಲೂರಿ ಕೂತು ಹುಲ್ಲಿನೊಳಗೆ ಚಪ್ಪಟೆಯಾಗಿದ್ದ ಮಂಡಕ್ಕಿಯನ್ನು ಎರಡು ಬೆರಳಲ್ಲಿ ಎತ್ತಿ, ಬಿಸಿಲಿಗೆ ಹಿಡಿದು, ಮೂಸಿ ನೋಡಿದರು. ಹುಮಾಳ ಪ್ರಾಣವೆಲ್ಲ ಆ ಎರಡು ಬೆರಳ ನಡುವೆ ಇತ್ತು. ನಿಸರ್ಗದ್ದು ಅನ್ನಲಿ, ನಿಸರ್ಗದ್ದು ಅನ್ನಲಿ ಎಂದು ಒಳಗೊಳಗೇ ದುವಾ ಮಾಡುತ್ತಿದ್ದಳು.

ಮುರುಗೇಶಪ್ಪ ಎದ್ದು ನಿಂತರು. "ನಲವತ್ತು ವರ್ಷ ಭತ್ತ ಮಾರೀನಿ. ನನಗೆ ಯಾರೂ ಭತ್ತದ ಬಗ್ಗೆ ಹೇಳಾದು ಬ್ಯಾಡ. ಮಂಡಕ್ಕಿ ಅಂದ್ರೆ ಏನು? ಭತ್ತ. ಭತ್ತ ಎಲ್ಲಿ ಬೆಳೀತೈತೆ? ಗದ್ದೆಯಾಗ. ಕಾಯಿಸಿದ್ರೆ ತಾನಾಗೇ ಉಬ್ತೈತೆ, ಎಲೆ ಒಣಗಿದಂಗೆ. ಅದರಾಗ ಮನುಷ್ಯ ಮಾಡಾದು ಏನೈತೆ? ಏನೂ ಇಲ್ಲ! ಇದು ನಿಸರ್ಗದ ವಸ್ತು. ಬಾಲು ಕುಳಿಯಾಗೈತೆ. ಹುಮಾ ಗೆದ್ಲು!"

ಮತ್ತೆ ಹೋ ಎಂದು ಗದ್ದಲವೆದ್ದಿತು. ಗೋಣೆಪ್ಪ ಓಡಿ ಬಂದು ಹುಮಾಳ ತಲೆ ಸವರಿದ. ರಶ್ಮಿತಾ ಕೈಕುಲುಕಲು ಬಂದಳು. ಹುಮಾ ನಗುತ್ತ ಹಗ್ಗದ ಕಡೆ ತಿರುಗಿ ಅಬ್ಬಾನನ್ನು ನೋಡಿದಳು.

ಜಮಾಲ್ ಸಾಬ್ ಮುರುಗೇಶಪ್ಪನವರ ಕಡೆ ನೋಡುತ್ತ ತಲೆಯಾಡಿಸುತ್ತಿದ್ದರು. "ಹೌದು ಸಾವ್ಕಾರ್ರೆ, ಖರೇ ಮಾತು, ಅದರಾಗೇನೈತೆ, ಏನೂ ಇಲ್ಲ" ಎನ್ನುತ್ತಿದ್ದರು. ಮುರುಗೇಶಪ್ಪನವರ ಅಂಗಡಿಯಿಂದಲೇ ಎಷ್ಟೋ ವರ್ಷ ಭತ್ತ ತಂದವರು ಅವರು, ಸಾವ್ಕಾರ್ರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ರೂಢಿ. ಖುಷಿಗೆ ಎರಡೂ ಕೈ ಮೇಲೆತ್ತಿದ್ದರಿಂದ ಅಂಗಿಯ ತೋಳು ಕೆಳಗೆ ಜಾರಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಬಿಸಿ ಮರಳು ಸಿಡಿದು ಸುಟ್ಟ ಕಲೆಗಳು, ಹಳೆಯ ಕಲೆಯ ಮೇಲೆ ಹೊಸದು, ಹೊಸದರ ಮೇಲೆ ಇನ್ನೂ ಹೊಸದು.

ಹುಮಾಳ ನಗು ನಿಂತೇಹೋಯಿತು. ನೆತ್ತಿಗೆ ಸರ್ರೆಂದು ಸಿಟ್ಟು ಏರಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಕಪ್ ಕೈಗೆ ಬಂದಂತೆಯೇ ಇತ್ತು! ಆದರೆ ಈ ಹುಡುಗಿಯ ಬಾಯಿ ಸಿಟ್ಟು ಬಂದಾಗ ಯಾವತ್ತು ಮುಚ್ಚಿತ್ತು, ಇವತ್ತು ಮುಚ್ಚಲು?

"ತಾನಾಗೇ ಉಬ್ಬಲ್ಲ ಸಾರ್!"

ಗದ್ದಲ ತಣ್ಣಗಾಯಿತು. ಮುರುಗೇಶಪ್ಪ ಕನ್ನಡಕದ ಮೇಲಿನಿಂದ ನೋಡಿದರು. "ಏನಂದೆಮ್ಮಾ?"

"ತಾನಾಗೇ ಉಬ್ಬಲ್ಲ ಅಂದೆ. ಭತ್ತ ನೆನೆ ಹಾಕ್ಬೇಕು. ಬೇಯಿಸ್ಬೇಕು. ಬಿಸಿಲಿಗೆ ಹರವಬೇಕು, ಜಾಸ್ತಿ ಒಣಗಿದ್ರೂ ಕೆಡ್ತದೆ, ಕಡಿಮೆ ಒಣಗಿದ್ರೂ ಕೆಡ್ತದೆ. ಅಕ್ಕಿ ಮಾಡಿಸಿ ಉಪ್ಪಿನ ನೀರು ಹಾಕ್ಬೇಕು, ಎಷ್ಟು ಹಾಕ್ಬೇಕು ಅಂತ ಯಾವ ಪುಸ್ತಕದಾಗೂ ಬರೆದಿಲ್ಲ, ನಮ್ಮ ಅಬ್ಬಾನ ಅಂಗೈಯಾಗೈತೆ ಅದು. ಆಮ್ಯಾಗೆ ಹೊಟ್ಟಿನ ಉರಿ ಮ್ಯಾಲೆ ಮರಳು ಕಾಯಿಸಿ, ಅಕ್ಕಿ ಸುರಿದು, ಕಣ್ಣು ಮಿಟುಕಿಸಾದ್ರೊಳಗೆ ತಿರುವಿ ತೆಗೀಬೇಕು. ಒಂದು ಗಳಿಗೆ ಹೆಚ್ಚಾದ್ರೆ ಕರಿ ಆಗ್ತದೆ, ಒಂದು ಗಳಿಗೆ ಕಡಿಮೆ ಆದ್ರೆ ಕಲ್ಲು! ನೀವು ಮನೆಗೆ ಹೋಗಿ ಸುಮ್ನೆ ಅಕ್ಕಿ ಕಾಯಿಸ್ರಿ ಸಾರ್. ತಾನಾಗೇ ಉಬ್ಬಿದ್ರೆ ಕಪ್ ನಿಮ್ಮನೇಗೇ ತಂದು ಕೊಡ್ತೀನಿ. ಮನುಷ್ಯ ಮಾಡಾದು ಏನೂ ಇಲ್ಲ ಅಂತೆ!"

ಕೊನೆಗೆ ದನಿ ಒಡೆಯಿತು.

ಮೊದಲು ಬಾಯಿ ತೆರೆದವರು ಬಸವಣ್ಣೆಮ್ಮ. "ಹುಡ್ಗಿ ಹೇಳಾದು ಖರೇ ಐತೆ ನೋಡು ಮುರುಗೇಶಿ. ನಾನು ಮದುವಿಯಾದ ಹೊಸ್ತಿಲಿ ಮನಿಯಾಗೆ ಮಾಡ್ತೀನಿ ಅಂತ ಹೋಗಿ ಬಾಣಲೆ ಸುಟ್ಟೆ. ಒಂದೂ ಉಬ್ಬಲಿಲ್ಲ. ನಮ್ಮತ್ತಿ ವರ್ಷಾನುಗಟ್ಲೆ ಆಡಿಕೊಂಡು ನಕ್ಳು."

ಮುರುಗೇಶಪ್ಪ ಪುಸ್ತಕದ ಹಿಂದಿನ ಹಾಳೆಗಳಿಗೆ ಹೋದರು. ತುಟಿ ಅಲ್ಲಾಡಿಸುತ್ತ ಓದಿದರು, ನಿಂತರು, ಮತ್ತೆ ಓದಿದರು. "ಇಲ್ಲಿ ಒಂದು ಮಾತೈತೆ. ಮರದ ದಿಮ್ಮಿ ನಿಸರ್ಗದ್ದು. ಅದಕ್ಕೆ ಕಾಲು ಜೋಡಿಸಿದ್ರೆ ಬೆಂಚು, ಮನುಷ್ಯ ಮಾಡಿದ್ದು ಅಂತ." ಅವರು ಬೆರಳ ನಡುವಿನ ಮಂಡಕ್ಕಿಯನ್ನು ಇನ್ನೊಮ್ಮೆ ನೋಡಿದರು. ದನಿ ತಗ್ಗಿತು. "ಹಂಗಾದ್ರೆ ಭತ್ತ ನಿಸರ್ಗದ್ದು. ಇದು ಅಲ್ಲ. ನಾನು ತಪ್ಪು ಹೇಳಿದೆ. ಆದ್ರೆ ಹುಮಾ, ಇದು ಮನುಷ್ಯ ಮಾಡಿದ್ದು ಅಂದ್ರೆ ನಿನ್ನ ಹೊಡ್ತ ರದ್ದಾಗ್ತೈತೆ. ಗೆದ್ದಿದ್ದು ಹೋತು. ತಿಳೀತೇನು?"

ತಿಳಿದಿತ್ತು. ಸಿಟ್ಟಿನ ಭರದಲ್ಲಿ ತಿಳಿದಿರಲಿಲ್ಲ, ಈಗ ತಿಳಿಯಿತು. ಹಗ್ಗದ ಆಚೆಯಿಂದ ಅಬ್ಬಾ, "ಯಾಕ ಬೇಟಿ? ಯಾಕ ಹೇಳಿದೆ?" ಎಂದು ಅಳುದನಿಯಲ್ಲಿ ಕೇಳುತ್ತಿದ್ದರು. ಆ ಕಡೆ ನೋಡಿದರೆ ತಾನೂ ಅತ್ತುಬಿಡುತ್ತೇನೆಂದು ಅವಳು ನೋಡಲಿಲ್ಲ.

"ತಿಳೀತು ಸಾರ್. ರದ್ದು ಮಾಡ್ರಿ."

ಗೋಣೆಪ್ಪ ತಲೆ ಚಚ್ಚಿಕೊಂಡ. "ಎಂಥಾ ಕೆಲ್ಸ ಮಾಡಿದ್ಯಲ್ಲ ನನ್ನವ್ವ!"

ಮೊದಲು ಚೆಂಡಿದ್ದ ಜಾಗವನ್ನು ರಶ್ಮಿತಾಳೇ ಬಂದು ತೋರಿಸಿದಳು, "ಇಲ್ಲಿ, ಈ ಹುಲ್ಲಿನ ಪಕ್ಕ." ಚೆಂಡಿಟ್ಟದ್ದಾಯಿತು. ಮುರುಗೇಶಪ್ಪ ಕೈಯೆತ್ತಿ, "ಎಲ್ಲಾರೂ ಪೊಟ್ಟಣ ಮುಚ್ಚಿಕೊಳ್ರಿ!" ಎಂದು ಗುಡುಗಿದರು. ಇನ್ನೂರು ಪೊಟ್ಟಣಗಳು ಒಟ್ಟಿಗೇ ಚರಚರನೆ ಮಡಚಿಕೊಂಡವು. ಬಸವಣ್ಣೆಮ್ಮ ಯಾವ ಅಪಾಯವೂ ಬೇಡವೆಂದು ಉಳಿದದ್ದನ್ನೆಲ್ಲ ಒಂದೇ ಸಲ ಬಾಯಿಗೆ ಸುರಿದುಕೊಂಡು ಕೆನ್ನೆ ಉಬ್ಬಿಸಿ ಕೂತರು.

ಹುಮಾ ಚೆಂಡಿನ ಹಿಂದೆ ಕೂತು ನೋಡಿದಳು. ಕಣ್ಣು ಮಂಜಾಗಿತ್ತು. ಒರೆಸಿಕೊಂಡಳು. ಆಗ ಹೊಳೆಯಿತು: ಅಲ್ಲಾ, ಮೊದಲ ಚೆಂಡು ಎಲ್ಲಿ ಎಡಕ್ಕೆ ವಾಲಿತು ಎಂದು ನಾನು ಕಣ್ಣಾರೆ ಕಂಡಿದ್ದೇನೆ! ಮಂಡಕ್ಕಿ ಅಡ್ಡ ಬರದಿದ್ದರೆ ಒಂದು ಗೇಣು ಆಚೆ ಹೋಗುತ್ತಿತ್ತು. ಹಾಗಾದರೆ ಒಂದು ಗೇಣು ಬಲಕ್ಕೆ ಗುರಿ ಇಡಬೇಕು. ಬರೀ ಅಷ್ಟೇ. ಎದ್ದು ನಿಂತು ಪಟರ್ ಸರಿಯಾಗಿ ಹಿಡಿದುಕೊಂಡಳು.

ತಳ್ಳಿದಳು.

ಚೆಂಡು ಬಲಕ್ಕೆ ಹೊರಟಿತು. ಜನರ ನಡುವೆ ಒಬ್ಬರು "ಅಯ್ಯೋ, ತಪ್ತು" ಎಂದು ನರಳಿದರು. ತಪ್ಪಿರಲಿಲ್ಲ. ಹತ್ತಡಿ ದಾಟಿದ ಮೇಲೆ ಮೆಲ್ಲಗೆ ತಿರುಗಿತು. ಹನ್ನೆರಡಡಿ. ಹದಿಮೂರು. ನೆಟ್ಟಗೆ ಕುಳಿಯ ಕಡೆಗೇ! "ಬಾ, ಬಾ, ಬಾ, ಬಾ" ಎಂದು ಗೋಣೆಪ್ಪ ಕರುವನ್ನು ಕರೆದಂತೆ ಕರೆಯುತ್ತಿದ್ದ. ಚೆಂಡು ಕುಳಿಯ ಅಂಚಿಗೆ ಬಂತು. ಅಂಚಿಗೆ ಬಂದು ನಿಂತುಬಿಟ್ಟಿತು.

ಅರ್ಧ ಚೆಂಡು ಹುಲ್ಲಿನ ಮೇಲೆ, ಅರ್ಧ ಗಾಳಿಯಲ್ಲಿ.

ಇನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟರು. ಇನ್ನೊಮ್ಮೆ ಮುಟ್ಟಿದರೆ ಬೀಳುತ್ತದೆ, ಆದರೆ ಮುಟ್ಟಿದರೆ ಒಂದು ಹೊಡೆತ ಹೆಚ್ಚು. ಸಮ. ಎಲ್ಲ ಮುಗಿದಂತೆಯೇ.

"ಯಾರೂ ಅಲುಗಾಡಬ್ಯಾಡ್ರಿ!" ಮುರುಗೇಶಪ್ಪ ಕೂಗಿದರು. ಇವತ್ತು ಅವರ ಜನ್ಮ ಸಾರ್ಥಕವಾಗಿತ್ತು. "ಮುಗಿದಿಲ್ಲ ಇನ್ನಾ! ಬಾಲು ಕುಳಿ ಅಂಚಿನಾಗೆ ನೇತಾಡ್ತಿದ್ರೆ ಆಟಗಾರ್ತಿ ಕುಳಿ ಹತ್ರ ನಡ್ಕಂಡು ಬರಬೇಕು. ಬಂದ ಮ್ಯಾಲೆ ಹತ್ತು ಸೆಕೆಂಡು ಕಾಯಬಹುದು. ಅದ್ರೊಳಗೆ ಬಿತ್ತೋ, ಬಿದ್ದಂಗೆ ಲೆಕ್ಕ. ಬಾಮ್ಮಾ, ಬಾ. ಓಡಬ್ಯಾಡ, ನೆಲ ಅದುರೀತು. ನಡಕಂಡು ಬಾ."

ಹುಮಾ ನಡೆದಳು. ಹದಿನೈದು ಅಡಿ ಅಷ್ಟು ದೂರವಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕುಳಿಯ ಹತ್ತಿರ ಬಂದು ನಿಂತಳು. ಮುರುಗೇಶಪ್ಪ ಕೈಗಡಿಯಾರ ಕಣ್ಣಿಗೆ ಹಿಡಿದರು.

"ಒಂದು."

ಚೆಂಡು ಅಲ್ಲಾಡಲಿಲ್ಲ.

"ಎರಡು. ಮೂರು."

ಜನರೂ ಪಿಸುದನಿಯಲ್ಲಿ ಎಣಿಸತೊಡಗಿದರು. "ನಾಲ್ಕು... ಐದು..." ರಶ್ಮಿತಾ ಉಗುರು ಕಚ್ಚುತ್ತಿದ್ದಳು. ಬೀಳಲಿ ಎಂದೋ ಬೀಳದಿರಲಿ ಎಂದೋ ಅವಳಿಗೂ ಗೊತ್ತಿರಲಿಲ್ಲವೇನೋ. "ಆರು..." ಗೋಣೆಪ್ಪ ಕಣ್ಣು ಮುಚ್ಚಿಕೊಂಡ. ಆ ಅಂಚಿನ ಹುಲ್ಲನ್ನು ಇವತ್ತು ಬೆಳಿಗ್ಗೆ ಕತ್ತರಿಸಿದವನು ಅವನೇ. ಇನ್ನೊಂದು ಎಳೆ ಕಡಿಮೆ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. "ಏಳು..." ಬಸವಣ್ಣೆಮ್ಮ ಬಾಯಿ ತುಂಬಿದ ಮಂಡಕ್ಕಿ ಅಗಿಯುವುದನ್ನೇ ಮರೆತಿದ್ದರು. "ಎಂಟು..."

ಹುಮಾಳ ಕಣ್ಣಿಗೆ ಚೆಂಡಿನ ಕೆಳಗಿನ ಒಂದು ಹುಲ್ಲಿನ ಎಳೆ ಕಂಡಿತು. ಒಂದೇ ಎಳೆ ಚೆಂಡನ್ನು ಹೊತ್ತು ಬಾಗುತ್ತಿತ್ತು. ಬಾಗಿತು. ಇನ್ನಷ್ಟು ಬಾಗಿತು.

"ಒಂಬ..."

ಟಕ್.

ಆಮೇಲಿನದನ್ನು ಏನು ಹೇಳುವುದು! ಗೋಣೆಪ್ಪ ಹುಮಾಳನ್ನು ಎತ್ತಿ ಗಿರಗಿರ ತಿರುಗಿಸಿದ. ಮುಚ್ಚಿದ್ದ ಪೊಟ್ಟಣಗಳೆಲ್ಲ ಬಿಚ್ಚಿಕೊಂಡವು, ಗ್ರೀನಿನ ಮೇಲೆಲ್ಲ ಮಂಡಕ್ಕಿಯ ಮಳೆ, ಬೈಯುವವರು ಯಾರೂ ಇರಲಿಲ್ಲ. ರಶ್ಮಿತಾ ಅವಳನ್ನು ಬಿಗಿಯಾಗಿ ತಬ್ಬಿಕೊಂಡು ಕಿವಿಯಲ್ಲಿ, "ಮುಂದಿನ ವರ್ಷ ಬಿಡಲ್ಲ ನಿನ್ನ" ಎಂದಳು. ಹುಮಾ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಗದ್ದಲದಲ್ಲಿ ಹಗ್ಗ ಯಾವಾಗ ಬಿತ್ತೋ ಗೊತ್ತಿಲ್ಲ. ಜಮಾಲ್ ಸಾಬ್ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ಮಗಳ ಎರಡೂ ಕೈ ಹಿಡಿದುಕೊಂಡಿದ್ದರು.

ಸದಸ್ಯತ್ವದ ಫಾರಂ ತುಂಬಲು ಕ್ಯಾಂಟೀನಿನ ಮೇಜಿಗೆ ಬಂದರು. ತಾವೇ ತುಂಬುವುದಾಗಿ ಮುರುಗೇಶಪ್ಪ ಹಟ ಹಿಡಿದು ಪೆನ್ನು ತೆಗೆದರು. ಹೆಸರು, ವಯಸ್ಸು, ವಿಳಾಸ ಆಯಿತು. "ತಂದೆ ಹೆಸರು, ಜಮಾಲ್ ಸಾಬ್. ತಂದೆ ಉದ್ಯೋಗ..." ಎಂದು ತಲೆಯೆತ್ತಿದರು. "ವ್ಯಾಪಾರ ಅಂತ ಬರೀಲೇನು, ಸಾಬ್ರೆ?"

ಜಮಾಲ್ ಸಾಬರ ತಲೆ ರೂಢಿಯಂತೆ ಹೌದೆಂದು ಆಡಲು ಹೊರಟಿತು. ಅರ್ಧಕ್ಕೆ ನಿಂತಿತು. ಅವರು ಮಗಳ ಮುಖ ನೋಡಿದರು, ಆಮೇಲೆ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ ಮೇಜಿನ ಮೇಲೆ ಕೈಯೂರಿದರು.

"ಬ್ಯಾಡ ಸಾವ್ಕಾರ್ರೆ. ಮಂಡಕ್ಕಿ ಮಾಡ್ತಾನೆ ಅಂತ ಬರೀರಿ."

ಮುರುಗೇಶಪ್ಪ ಆ ಕೈಯನ್ನು ನೋಡಿದರು. ಇಷ್ಟು ವರ್ಷ ಅದೇ ಕೈಗೆ ಭತ್ತದ ಚೀಲ ಎತ್ತಿ ಕೊಟ್ಟವರು, ಈಗ ಮೊದಲ ಸಲ ನೋಡಿದವರಂತೆ ನೋಡಿದರು. ತಲೆ ತಗ್ಗಿಸಿ ನಿಧಾನವಾಗಿ ಬರೆದರು.

"ಬರೆದ್ರಾ?" ಜಮಾಲ್ ಸಾಬ್ ಮುಂದಕ್ಕೆ ಬಾಗಿದರು. "ಹಂಗಾರೆ ಒಂದ್ಸಲ ಓದ್ರಿ. ಜೋರಾಗಿ ಓದ್ರಿ."

ಮುರುಗೇಶಪ್ಪ ಗಂಟಲು ಸರಿಮಾಡಿಕೊಂಡು, ಇಡೀ ಕ್ಯಾಂಟೀನಿಗೆ ಕೇಳುವಂತೆ ಓದಿದರು.